ಇಂದಿನ ಧಮ್ಮ ಚಿಂತನೆ: ಹಕ್ಕಿ ಹಿಡಿದ ಕೈ

 



ಈ ವಾರ ನಾವು ಅಷ್ಟಾಂಗ ಮಾರ್ಗದ ಆರನೆಯ ಅಂಗವಾದ ಸಮ್ಮಾ ವಾಯಾಮ, ಅಂದರೆ ಸಮ್ಯಕ್ ಪ್ರಯತ್ನದ ಬಗ್ಗೆ ಓದುತ್ತಿದ್ದೇವೆ. ಇವತ್ತು ಅದಕ್ಕೆ ನಾನು ಕೊಡುವ ಉದಾಹರಣೆ ನಿಮಗೆ ವಿಚಿತ್ರ ಅನಿಸಬಹುದು. ಅದು ಗಾಲ್ಫ್ ಆಟ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ಅವನ ತಂದೆ ತಾಯಿ ನಮ್ಮ ಹಾಗೆಯೇ ದೀಕ್ಷೆ ಪಡೆದವರು. ಆಫೀಸಿನವರು ಆಡುವುದನ್ನು ನೋಡಿ ಅವನೂ ಎಂಟು ತಿಂಗಳಿಂದ ರಜೆಯ ದಿನ ಬೆಳಿಗ್ಗೆ ಗಾಲ್ಫ್ ಕಲಿಯುತ್ತಿದ್ದಾನೆ. ಹೋದ ತಿಂಗಳು ಫೋನ್ ಮಾಡಿ, "ಮೇಡಂ, ಬಿಟ್ಟುಬಿಡೋಣ ಅಂತಿದ್ದೀನಿ. ಚೆಂಡು ನಿಂತಲ್ಲೇ ನಿಂತಿರುತ್ತೆ, ಆದರೂ ಸರಿಯಾಗಿ ಹೊಡೆಯೋಕಾಗಲ್ಲ. ಇದು ನಮ್ಮಂಥವರಿಗಲ್ಲ ಬಿಡಿ" ಅಂದ.

ಆ ಮಾತಿನಲ್ಲಿ ಎರಡು ಮಾತು ಬೆರೆತಿವೆ. "ನನಗೆ ಬರುತ್ತಿಲ್ಲ" ಎನ್ನುವುದು ಒಂದು. "ನಮ್ಮಂಥವರಿಗಲ್ಲ" ಎನ್ನುವುದು ಇನ್ನೊಂದು. ಮೊದಲನೆಯದು ಅಭ್ಯಾಸದ ವಿಷಯ. ಎರಡನೆಯದು ತಲೆತಲಾಂತರದಿಂದ ನಮ್ಮ ತಲೆಗೆ ತುಂಬಿದ ವಿಷ. ಇವೆರಡನ್ನೂ ಬಿಡಿಸಿ ನೋಡುವುದು ಪ್ರಜ್ಞೆಯ ಕೆಲಸ.

*ಮೊದಲು "ನಮ್ಮಂಥವರಿಗಲ್ಲ" ಎಂಬುದನ್ನು ನೋಡೋಣ.*

ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ, ಬ್ರಿಟಿಷರ ಕಾಲದಲ್ಲಿ. ಇವತ್ತಿಗೂ ಇದು ದುಡ್ಡಿನ ಆಟ, ನಿಜ. ಅಮೆರಿಕದಲ್ಲಂತೂ ವೃತ್ತಿಪರ ಗಾಲ್ಫ್ ಸಂಘದ ನಿಯಮದಲ್ಲೇ ಸದಸ್ಯತ್ವ ಬಿಳಿಯರಿಗೆ ಮಾತ್ರ ಎಂದು ಬರೆದಿದ್ದರು. ಅದನ್ನು ತೆಗೆದದ್ದು 1961ರಲ್ಲಿ. ಲೀ ಎಲ್ಡರ್ ಎಂಬ ಕಪ್ಪು ಆಟಗಾರ, ಹುಡುಗನಾಗಿದ್ದಾಗ ಇನ್ನೊಬ್ಬರ ಗಾಲ್ಫ್ ಚೀಲ ಹೊರುತ್ತಿದ್ದವರು, ಪ್ರಸಿದ್ಧ ಮಾಸ್ಟರ್ಸ್ ಪಂದ್ಯದಲ್ಲಿ ಆಡಿದ ಮೊದಲ ಕಪ್ಪು ಆಟಗಾರರಾದದ್ದು 1975ರಲ್ಲಿ. ಚೀಲ ಹೊರಲು ಬೇಕಿದ್ದ ಹೆಗಲು ಕೋಲು ಹಿಡಿಯಲು ಬೇಡವಾಗಿತ್ತು. ಈ ಕಥೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬಾಬಾಸಾಹೇಬರು 1927ರಲ್ಲಿ ಮಹಾಡದ ಚವದಾರ್ ಕೆರೆಗೆ ಹೋದದ್ದು ಆ ನೀರು ರುಚಿಯಾಗಿದೆ ಎಂದಲ್ಲ. ಆ ನೀರಿಲ್ಲದೆಯೂ ನಮ್ಮ ಜನ ಬದುಕಿದ್ದರು. ನಾವೂ ಎಲ್ಲರಂತೆ ಮನುಷ್ಯರು ಎಂದು ಸ್ಥಾಪಿಸುವುದಕ್ಕೆ ಹೋದರು. ಹಾಗೆಯೇ, ನಮ್ಮ ಮಕ್ಕಳೆಲ್ಲ ಗಾಲ್ಫ್ ಆಡಬೇಕು ಎಂದು ನಾನು ಹೇಳುತ್ತಿಲ್ಲ. ಬೇಡ ಅನಿಸಿದರೆ ಬಿಡಲಿ. ಆದರೆ ಬಿಡುವ ಕಾರಣ "ನಮ್ಮಂಥವರಿಗಲ್ಲ" ಎಂದಾಗಬಾರದು. ಕಾವಲುಗಾರ ಹೋದ ಮೇಲೂ ನಾವೇ ಗೇಟು ಹಾಕಿಕೊಂಡ ಹಾಗಾಗುತ್ತದೆ.

ಈ ಆಟದಲ್ಲಿ ಹ್ಯಾಂಡಿಕ್ಯಾಪ್ ಎಂಬ ಪದ್ಧತಿ ಇದೆ. ಈಗ ಜಗತ್ತಿನ ಹೆಚ್ಚಿನ ಕಡೆ ಇರುವ ಲೆಕ್ಕದಲ್ಲಿ ಹೊಸಬರಿಗೆ 54ರವರೆಗೆ ಹ್ಯಾಂಡಿಕ್ಯಾಪ್ ಸಿಗಬಹುದು. 18 ಗುಳಿಗಳ ಆಟದಲ್ಲಿ ಗುಳಿಗೆ ಮೂರು ಹೊಡೆತದಂತೆ ಆಯಿತು. ಹೀಗಾಗಿ ನಿನ್ನೆ ಮೊನ್ನೆ ಕಲಿತವನೂ ಇಪ್ಪತ್ತು ವರ್ಷ ಆಡಿದವನೂ ಒಂದೇ ಹುಲ್ಲಿನ ಮೇಲೆ ನಿಂತು ನ್ಯಾಯವಾಗಿ ಸ್ಪರ್ಧಿಸಬಹುದು. ಇದರಿಂದ ಮೆರಿಟ್ ಹಾಳಾಯಿತು ಎಂದು ಆ ಕ್ಲಬ್ಬುಗಳಲ್ಲಿ ಯಾರೂ ಗೊಣಗುವುದಿಲ್ಲ. ಮೀಸಲಾತಿ ಆಟವಲ್ಲ, ಅದು ಹಕ್ಕು, ಅದರ ಕಾರಣವೂ ಬೇರೆ. ಆದರೆ ಎಲ್ಲರೂ ಒಂದೇ ಗೆರೆಯಿಂದ ಹೊರಟಿಲ್ಲ ಎಂಬ ಸತ್ಯ ಆಟದಲ್ಲಿ ಅರ್ಥವಾಗುವವರಿಗೆ ಸಮಾಜದಲ್ಲಿ ಏಕೆ ಅರ್ಥವಾಗುವುದಿಲ್ಲ, ಯೋಚಿಸಿ.

*ಇನ್ನು "ನನಗೆ ಬರುತ್ತಿಲ್ಲ" ಎಂಬುದು.*

ಇದಕ್ಕೆ ಹಣೆಬರಹ ಕಾರಣವಲ್ಲ. ಹಿಂದಿನ ಜನ್ಮದ ಕರ್ಮವೂ ಅಲ್ಲ. ಕಾರಣ ಇದೆ, ಹುಡುಕಿದರೆ ಸಿಗುತ್ತದೆ, ಸಿಕ್ಕರೆ ಸರಿಪಡಿಸಬಹುದು. ಭಗವಾನರು ಕಲಿಸಿದ ದಾರಿಯೇ ಅದು.

ನನ್ನ ವಿದ್ಯಾರ್ಥಿಯ ತರಬೇತುದಾರರು ಅವನಿಗೆ ಹೇಳಿದ ಮೊದಲ ಕಾರಣ ಇದು: ಕೋಲನ್ನು ಬಿಗಿಯಾಗಿ ಹಿಡಿಯುತ್ತೀಯ. ಹೊಸಬರೆಲ್ಲ ಹೀಗೆಯೇ. ಜೋರಾಗಿ ಹೊಡೆಯಬೇಕೆಂದು ಮುಷ್ಟಿ ಬಿಗಿಯುತ್ತಾರೆ. ಮುಷ್ಟಿ ಬಿಗಿದರೆ ಮುಂಗೈ ಬಿಗಿಯುತ್ತದೆ, ಭುಜ ಬಿಗಿಯುತ್ತದೆ, ಬೀಸು ನಿಧಾನವಾಗುತ್ತದೆ. ಸಡಿಲ ಬಿಟ್ಟರೆ ಕೋಲು ಕೈಯಲ್ಲೇ ತಿರುಗುತ್ತದೆ. ಹಾಗಾಗಿ ಹಕ್ಕಿಮರಿ ಹಿಡಿದ ಹಾಗೆ ಹಿಡಿ ಎಂದು ಗಾಲ್ಫ್ ಕಲಿಸುವವರು ಹೇಳುತ್ತಾರೆ.

ಅವನು ಇದನ್ನು ಹೇಳಿದಾಗ ನನಗೆ ಮಜ್ಝಿಮ ನಿಕಾಯದ ಉಪಕ್ಕಿಲೇಸ ಸುತ್ತ ನೆನಪಾಯಿತು. ಅಲ್ಲಿ ಭಗವಾನರು ಅನುರುದ್ಧ ಮತ್ತು ಅವನ ಸಂಗಡಿಗರಿಗೆ ಹೇಳುವ ಹೋಲಿಕೆಯೂ ಹಕ್ಕಿಯದೇ. ಲಾವಕ್ಕಿಯನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಸುಕಿದರೆ ಸಾಯುತ್ತದೆ, ಸಡಿಲ ಹಿಡಿದರೆ ಹಾರಿಹೋಗುತ್ತದೆ. ಪ್ರಯತ್ನ ಅತಿಯಾದರೂ ಕಡಿಮೆಯಾದರೂ ಮನಸ್ಸಿನ ಏಕಾಗ್ರತೆ ಹೀಗೆಯೇ ಕೆಡುತ್ತದೆ. ಸೋಣನ ವೀಣೆಯ ತಂತಿಯ ಕಥೆ ನಿಮಗೆಲ್ಲ ಗೊತ್ತಿದೆ. ಎರಡರ ಅರ್ಥವೂ ಒಂದೇ.

ಸಮ್ಮಾ ವಾಯಾಮ ನಾಲ್ಕು ಬಗೆ. ಕಲಿಯುವ ಆಟಗಾರನಲ್ಲಿ ನಾಲ್ಕನ್ನೂ ನೋಡಬಹುದು.

1. ಹುಟ್ಟದ ಅಕುಶಲ ಹುಟ್ಟದಂತೆ ನೋಡಿಕೊಳ್ಳುವುದು. ಬೀಸುವ ಮೊದಲೇ ಕಾಲು, ಕೈ, ಭುಜ ಸರಿಯಿದೆಯೇ ಎಂದು ನೋಡುವುದು. ತಪ್ಪು ಹೆಚ್ಚಾಗಿ ಒಳಗೆ ಬರುವುದು ಇಲ್ಲಿಯೇ.

2. ಹುಟ್ಟಿದ ಅಕುಶಲವನ್ನು ಬಿಡುವುದು. ಒಂದು ಹೊಡೆತ ಕೆಟ್ಟಿತು, ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಮುಂದಿನದನ್ನು ಹೊಡೆದರೆ ಅದೂ ಕೆಡುತ್ತದೆ. ಚೆಂಡಿನ ಹತ್ತಿರ ನಡೆದು ಹೋಗುವಷ್ಟರಲ್ಲಿ ಸಿಟ್ಟನ್ನು ಹಿಂದೆ ಬಿಡಬೇಕು.

3. ಹುಟ್ಟದ ಕುಶಲವನ್ನು ಹುಟ್ಟಿಸುವುದು. ಸಾಮಾನ್ಯವಾಗಿ 72 ಹೊಡೆತಕ್ಕೆ ಲೆಕ್ಕ ಹಾಕಿದ ಮೈದಾನದಲ್ಲಿ 36 ಹೊಡೆತ ಗುಳಿಯ ಹತ್ತಿರ ಮೆಲ್ಲಗೆ ತಳ್ಳುವುದಕ್ಕೇ ಇಟ್ಟಿರುತ್ತಾರೆ. ಹೊಸಬರಿಗೆ ದೂರ ಹೊಡೆಯುವ ಆಸೆ, ಅರ್ಧ ಆಟ ಇರುವುದು ಸಣ್ಣ ಹೊಡೆತದಲ್ಲಿ. ಅದನ್ನು ಬೇಕೆಂದೇ ಕಲಿಯಬೇಕು.

4. ಹುಟ್ಟಿದ ಕುಶಲವನ್ನು ಉಳಿಸಿ ಬೆಳೆಸುವುದು. ಒಂದು ಸಲ ಸರಿಯಾಗಿ ಬಂದದ್ದು ತಾನಾಗಿ ಉಳಿಯುವುದಿಲ್ಲ. ಮತ್ತೆ ಮತ್ತೆ ಮಾಡಬೇಕು.

ಇದನ್ನು ನಮ್ಮ ಮನೆಗೆ ತಂದುಕೊಳ್ಳೋಣ. ನಮ್ಮ ಬಳಗದಲ್ಲೇ ಕೆಲವರು ನನ್ನ ಹತ್ತಿರ ಹೇಳಿದ್ದಾರೆ: "ಅಕ್ಕಾ, ದೀಕ್ಷೆ ತಗೊಂಡು ಹತ್ತು ವರ್ಷ ಆಯ್ತು, ಕೋಪ ಹೋಗಿಲ್ಲ. ಪಂಚಶೀಲ ಬಾಯಲ್ಲಿದೆ, ನಡತೆಯಲ್ಲಿಲ್ಲ. ಇನ್ನು ಯಾವ ಮುಖ ಇಟ್ಟುಕೊಂಡು ವಿಹಾರಕ್ಕೆ ಬರಲಿ?" ಹೀಗೆ ಹೇಳಿ ಭಾನುವಾರದ ವಂದನೆಗೆ ಬರುವುದನ್ನೇ ನಿಲ್ಲಿಸಿದವರಿದ್ದಾರೆ. ಮನಸ್ಸು ಕೊರೆಯುವುದು ಒಳ್ಳೆಯ ಗುರುತೇ. ಆದರೆ ಅದನ್ನು ಬಿಗಿಮುಷ್ಟಿಯಲ್ಲಿ ಹಿಸುಕಿದರೆ ಹಕ್ಕಿ ಸಾಯುತ್ತದೆ. ಇನ್ನು ಕೆಲವರು ಅಕ್ಟೋಬರ್ 14ಕ್ಕೂ ಏಪ್ರಿಲ್ 14ಕ್ಕೂ ಮಾತ್ರ ಬಿಳಿ ಬಟ್ಟೆ ಉಡುತ್ತಾರೆ. ಅವರ ಕೈಯಿಂದ ಹಕ್ಕಿ ಯಾವಾಗಲೋ ಹಾರಿಹೋಗಿದೆ.

ನಮ್ಮಲ್ಲೂ ದೊಡ್ಡ ಹೊಡೆತದ ಆಸೆ ಹೆಚ್ಚು. ವೇದಿಕೆಯ ಭಾಷಣ, ಮೆರವಣಿಗೆ, ಬ್ಯಾನರು. ಅವೂ ಬೇಕು. ಆದರೆ ಶೀಲದ ಅರ್ಧ ಆಟ ಇರುವುದು ಅಡುಗೆಮನೆಯಲ್ಲಿ, ಸೊಸೆಯ ಜೊತೆ ಆಡುವ ಮಾತಿನಲ್ಲಿ, ಮಗಳ ಓದಿಗೆ ತೆಗೆದಿಡುವ ದುಡ್ಡಿನಲ್ಲಿ.

ಬದಲಾಗಿದ್ದೇನೆಯೇ ಎಂದು ದಿನವೂ ಅಳೆಯಲು ಹೋಗಬೇಡಿ. ಸಂಯುತ್ತ ನಿಕಾಯದಲ್ಲಿ ಬಡಗಿಯ ಬಾಚಿಯ ಹೋಲಿಕೆ ಇದೆ. ಬಾಚಿಯ ಹಿಡಿಯ ಮೇಲೆ ಬೆರಳಿನ ಗುರುತು ಬಿದ್ದಿರುತ್ತದೆ. ಇವತ್ತು ಎಷ್ಟು ಸವೆಯಿತು, ನಿನ್ನೆ ಎಷ್ಟು ಸವೆಯಿತು ಎಂದು ಬಡಗಿಗೆ ಗೊತ್ತಾಗುವುದಿಲ್ಲ. ಸವೆದ ಮೇಲೆ ಸವೆದಿದೆ ಎಂದು ಗೊತ್ತಾಗುತ್ತದೆ. ನಮ್ಮ ಕೋಪ, ಭಯ, ಕೀಳರಿಮೆ ಸವೆಯುವುದೂ ಹೀಗೆಯೇ, ಕೆಲಸ ನಿಲ್ಲಿಸದಿದ್ದರೆ.

ಬಾಬಾಸಾಹೇಬರು ಹುಟ್ಟಿದ ಮಹೂ ಊರಿನ ಮುಕೇಶ್ ಕುಮಾರ್ ಎಂಬ ಗಾಲ್ಫ್ ಆಟಗಾರ ಏಷ್ಯನ್ ಟೂರಿನಲ್ಲಿ ಮೊದಲ ಸಲ ಗೆದ್ದದ್ದು 2016ರಲ್ಲಿ. ಆಗ ಅವರ ವಯಸ್ಸು 51. ನಲವತ್ತು, ಐವತ್ತು ದಾಟಿದ ನಾವೆಲ್ಲ ಇದನ್ನು ನೆನಪಿಡೋಣ.

*ಇಂದಿನ ಅಭ್ಯಾಸ:* ಬೆಳಿಗ್ಗೆ ತಿಸರಣ, ಪಂಚಶೀಲ ಹೇಳಿದ ಮೇಲೆ ಒಂದೇ ಒಂದು ಸಣ್ಣ ಕೆಲಸ ಆರಿಸಿಕೊಳ್ಳಿ. ಮನೆಯವರ ಮೇಲೆ ಒಂದು ಸಲ ದನಿ ಏರಿಸದಿರುವುದೋ, ಮಗುವಿಗೆ ಹತ್ತು ನಿಮಿಷ ಓದಿ ಹೇಳುವುದೋ, ಯಾವುದಾದರೂ ಆಗಲಿ. ತಪ್ಪಿದರೆ ನಿಮ್ಮನ್ನು ಬೈದುಕೊಳ್ಳದೆ ನಾಳೆ ಮತ್ತೆ ಅದನ್ನೇ ಮಾಡಿ. ಬಹಳ ದಿನದಿಂದ ವಂದನೆಗೆ ಬಾರದ ಒಬ್ಬರಿಗೆ ಇವತ್ತು ಫೋನ್ ಮಾಡಿ, ಈ ಭಾನುವಾರ ಜೊತೆಯಲ್ಲಿ ಕರೆದುಕೊಂಡು ಬನ್ನಿ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.
ಜೈ ಭೀಮ್ 🙏