ಹೂವಿನ ಚಿತ್ರದಲ್ಲಿ ಕಾಣದವರು


*ಇಂದಿನ ಧಮ್ಮ ಚಿಂತನೆ*

ಧಮ್ಮಬಂಧುಗಳೇ,

ಚೆಂದದ್ದನ್ನು ನೋಡಿ ಸಂತೋಷಪಡುವುದು ತೃಷ್ಣೆಯೇ? ನಮ್ಮ ಅಧ್ಯಯನ ಬಳಗದಲ್ಲಿ ಎದ್ದ ಈ ಪ್ರಶ್ನೆಗೆ ನನಗೆ ತಿಳಿದಂತೆ ಉತ್ತರಿಸುತ್ತೇನೆ.

ರುಮಾಲೆ ಚನ್ನಬಸವಯ್ಯನವರು (1910–1988) ಸ್ವಾತಂತ್ರ್ಯ ಹೋರಾಟಗಾರರು. ರಾಜಕಾರಣ ಬಿಟ್ಟು ಕುಂಚ ಹಿಡಿದು ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬಯಲಲ್ಲೇ ಕೂತು ಚಿತ್ರಿಸಿದರು. ಅವರ ಚಿತ್ರವನ್ನು ಹತ್ತಿರದಿಂದ ನೋಡಿದರೆ ಹೂವಿಲ್ಲ, ಬರೀ ಬಣ್ಣದ ಚುಕ್ಕೆಗಳು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಇಡೀ ಮರ ಅರಳುತ್ತದೆ. ಬಣ್ಣ, ಬೆಳಕು, ನೋಡುವ ಕಣ್ಣು, ನಿಂತ ಜಾಗ ಎಲ್ಲ ಕೂಡಿದಾಗ ಮಾತ್ರ ಹೂವು. ಪಟಿಚ್ಚಸಮುಪ್ಪಾದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಕೆ? ಹೀಗೆ ನೋಡುವ ಸಂತೋಷದಲ್ಲಿ ಹಿಡಿದಿಟ್ಟುಕೊಳ್ಳುವ ಆಸೆಯಿಲ್ಲ. ಅದು ತೃಷ್ಣೆಯಲ್ಲ.

ಆದರೆ ಅಷ್ಟಕ್ಕೇ ನಿಲ್ಲಬಾರದು. ನಮ್ಮ ಹೊಳೆಬಾಗಿಲನ್ನೇ ತೆಗೆದುಕೊಳ್ಳಿ. ಮಳೆ ಹಿಂದೆ ಸರಿಯುವಾಗ ಇಲ್ಲಿ ತುಂಬೆ, ಗೌರಿಹೂ ಅರಳುತ್ತವೆ. 2025ರಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ, ಕಾರಿನ ಕಿಟಕಿಯಲ್ಲಿ ನೀರು, ಹಸಿರು, ಹೂವು ಎಲ್ಲವೂ ಬಣ್ಣದ ಚುಕ್ಕೆಗಳಾಗಿ ಓಡುತ್ತವೆ. ಥೇಟ್ ಚಿತ್ರವೇ. ಅದರಲ್ಲಿ ಮನುಷ್ಯರಿಲ್ಲ.

ಈ ನೀರು ನಿಂತದ್ದು 1964ರ ಲಿಂಗನಮಕ್ಕಿ ಅಣೆಕಟ್ಟಿನಿಂದ. ಅದರಡಿಯಲ್ಲಿ ಗದ್ದೆ, ತೋಟ, ಊರುಗಳಿವೆ. ನಾಡಿಗೆ ವಿದ್ಯುತ್ ಬಂತು, ನಿಜ. ಗದ್ದೆಯ ಒಡೆಯನ ಹೆಸರು ಪಹಣಿಯಲ್ಲಿತ್ತು. ಅದೇ ಗದ್ದೆಯಲ್ಲಿ ಸೊಂಟ ಬಗ್ಗಿಸಿ ನಾಟಿ ಮಾಡಿದವಳ ಹೆಸರು ಎಲ್ಲಿತ್ತು?

ರಾಜಗೃಹದ ಸುನೀತನನ್ನು ನೆನೆಯೋಣ. ಜನ ಬೀದಿಗೆ ಎಸೆದ ಬಾಡಿದ ಹೂವುಗಳನ್ನು ಗುಡಿಸುವುದು ಅವನ ಕಸುಬು. ಪರಿಮಳ ಒಬ್ಬರಿಗೆ, ಕಸ ಇನ್ನೊಬ್ಬರಿಗೆ. ಭಗವಾನ್ ಬುದ್ಧರ ಕಣ್ಣು ಗುಡಿಸುವವನ ಮೇಲೆ ನಿಂತಿತು. ಅವನನ್ನು ಸಂಘಕ್ಕೆ ಕರೆದರು. ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಸುನೀತನಿಗೆ ಜಾಗ ಕೊಟ್ಟದ್ದು ಸುಮ್ಮನೆ ಅಲ್ಲ.

ಹಾಗಾಗಿ ನನ್ನ ಉತ್ತರ ಇಷ್ಟು: ಸೌಂದರ್ಯ ದೋಷವಲ್ಲ. ಅದರ ಹಿಂದಿನ ಕಾರಣ ಕೇಳದೆ ಸುಖಿಸುವುದು ಮೋಹ. ಕಾರಣ ತಿಳಿದ ಮೇಲೂ ತುಂಬೆ ಬೆಳ್ಳಗೇ ಇರುತ್ತದೆ, ಅದನ್ನು ದ್ವೇಷಿಸಬೇಕಿಲ್ಲ. ತಲೆ ಎತ್ತಲು ಬಿಡುವಿಲ್ಲದೆ ದುಡಿದ ಹಿರಿಯರ ಮಕ್ಕಳು ನಾವು. ಹೂವು ನೋಡುತ್ತ ನಿಲ್ಲುವ ಹಕ್ಕು ನಮಗೂ ಇದೆ.

*ಇಂದಿನ ಅಭ್ಯಾಸ:* ಮನೆಯ ಗೋಡೆಯದೋ ಮೊಬೈಲಿನದೋ ಒಂದು ನಿಸರ್ಗದ ಚಿತ್ರವನ್ನು ಎರಡು ನಿಮಿಷ ಸುಮ್ಮನೆ ನೋಡಿ. ಆಮೇಲೆ ಕೇಳಿಕೊಳ್ಳಿ: ಇಲ್ಲಿ ಯಾರು ಕಾಣುತ್ತಿಲ್ಲ? ಏಕೆ?

ಭವತು ಸಬ್ಬ ಮಂಗಲಂ.