ಬಂಧುಗಳ ಉಪಕಾರವೂ ಮುಯ್ಯಿಯ ಲೆಕ್ಕವೂ

ನಮ್ಮ ಸೀಮೆಯಲ್ಲಿ ತಮ್ಮನು ಅಣ್ಣನಿಗೆ ಉಪಕಾರವಾಯಿತೆಂದು ಬಾಯಿಬಿಟ್ಟು ಹೇಳುವದು ವಾಡಿಕೆಯಲ್ಲ. ಹೇಳಿದರೆ ಕೇಳಿದವನಿಗೆ ನೋವಾಗುವದೂ ಉಂಟು. "ನಾನೇನು ಹೊರಗಿನವನೋ?" ಎಂದು ಅವನು ಮುಖ ತಿರುಗಿಸುವನು. ದಾರಿ ತೋರಿಸಿದ ಅಪರಿಚಿತನಿಗೆ ಕೈಮುಗಿಯುತ್ತೇವೆ, ಕಚೇರಿಯಲ್ಲಿ ಕಾಗದ ಬರೆದುಕೊಟ್ಟವನಿಗೆ ಉಪಕಾರ ಹೇಳುತ್ತೇವೆ. ಆದರೆ ನಮ್ಮ ಸಾಮಾನನ್ನು ತಲೆಯ ಮೇಲೆ ಹೊತ್ತುಕೊಂಡು ಮೊಣಕಾಲುದ್ದ ಕೆಸರಿನಲ್ಲಿ ನಡೆದ ಭಾವಮೈದುನನಿಗೆ ಒಂದು ಲೋಟ ಚಹ ಕೊಟ್ಟು ಸುಮ್ಮನಾಗುತ್ತೇವೆ. ಹೀಗಿರುವಲ್ಲಿ ಒಂದು ಪ್ರಶ್ನೆಯು ಏಳುವದು. ಹೊಸ ಮನೆಯಲ್ಲಿ ನಾವು ನೆಲೆಗೊಳ್ಳುವಂತೆ ಸಹಾಯಮಾಡಿದ ರಕ್ತಸಂಬಂಧಿಗಳಿಗೆ ನಾವು ಋಣಿಗಳೋ ಅಲ್ಲವೋ? ಋಣಿಗಳಾದರೆ ಆ ಋಣವು ಯಾವ ಜಾತಿಯದು?

ಪ್ರಿಯ ವಾಚಕರೇ, ಈ ಪ್ರಶ್ನೆಯು ಪಂಡಿತರ ಕಾಲಕ್ಷೇಪಕ್ಕಾಗಿ ಹುಟ್ಟಿದ್ದಲ್ಲ. ಕೃಷ್ಣಾನದಿಯೇ ಇದನ್ನು ನಮ್ಮ ಬಾಗಲಿಗೆ ತಂದಿಟ್ಟಿತು. ಮಹಾಬಳೇಶ್ವರದ ಬೆಟ್ಟಗಳಲ್ಲಿ ಹುಟ್ಟಿ, ಕರಾಡದಲ್ಲಿ ಕೊಯ್ನೆಯನ್ನೂ ನರಸೋಬವಾಡಿಯಲ್ಲಿ ಪಂಚಗಂಗೆಯನ್ನೂ ಕೂಡಿಸಿಕೊಂಡು ಬರುವ ಈ ನದಿಯು ಚಿಕ್ಕೋಡಿ, ಕಾಗವಾಡ, ರಾಯಬಾಗ, ಅಥಣಿ ತಾಲೂಕುಗಳ ಕರೀ ನೆಲಕ್ಕೆ ಕಬ್ಬನ್ನು ಕೊಡುವಂತೆಯೇ ಕೆಲವು ವರುಷ ಮನೆಗಳನ್ನು ತಕ್ಕೊಂಡೂ ಹೋಗುವದು. 2005ರಲ್ಲಿ ಹಾಗೆಯೇ ಆಯಿತು. 2019ರ ಆಗಸ್ಟ್ ತಿಂಗಳಲ್ಲಿ ಅದಕ್ಕಿಂತಲೂ ಘೋರವಾಗಿ ಆಯಿತು. ಯಡೂರು, ಕಲ್ಲೋಳ, ಇಂಗಳಿ, ಮಾಂಜರಿ, ಜುಗೂಳ, ಕುಡಚಿ ಮುಂತಾದ ಊರುಗಳ ಹೆಸರು ಆಗ ದಿನಾಲು ಪತ್ರಿಕೆಗಳಲ್ಲಿ ಬರುತ್ತಿತ್ತು. ನಿಪ್ಪಾಣಿಯ ಕಡೆಯಲ್ಲಿ ವೇದಗಂಗೆಯು ಏರಿದ್ದರಿಂದ ಪುಣೆ ಬೆಂಗಳೂರು ಹೆದ್ದಾರಿಯ ಸಂಚಾರವೇ ನಿಂತಿತು. 2021ರ ಜುಲೈಯಲ್ಲಿ ನೀರು ತಿರಿಗಿ ಬಂತು. ಮಣ್ಣಿನ ಗೋಡೆಗಳು ನೀರು ನಿಂತಿರುವಾಗ ಮಾತ್ರ ಬೀಳುವದಿಲ್ಲ. ನೀರು ಇಳಿದು ಬಿಸಿಲು ಬಿದ್ದ ಮೇಲೆ, ಇನ್ನು ಭಯವಿಲ್ಲವೆಂದು ಜನರು ಒಳಗೆ ಹೆಜ್ಜೆಯಿಡುವ ಹೊತ್ತಿಗೆ, ಬಿರುಕುಬಿಟ್ಟು ಕುಸಿಯುತ್ತವೆ. ಆದಕಾರಣ ಅನೇಕ ಕುಟುಂಬಗಳಿಗೆ ಹಳೆಯ ಮನೆಯು ಮನೆಯಾಗಿ ಉಳಿಯಲಿಲ್ಲ. ಎತ್ತರದ ಸ್ಥಳದಲ್ಲಿಯೋ ಬಂಧುಗಳ ಹೊಲದ ಅಂಚಿನಲ್ಲಿಯೋ ಬೇರೆ ಊರಿನಲ್ಲಿಯೋ ಹೊಸದಾಗಿ ಒಲೆ ಹೂಡಬೇಕಾಯಿತು.

ಸರಕಾರವು 2019ರಲ್ಲಿ ತುರ್ತು ಪರಿಹಾರವಾಗಿ ಕುಟುಂಬಕ್ಕೆ 10,000 ರೂಪಾಯಿಯನ್ನೂ, ಪೂರ್ಣವಾಗಿ ಬಿದ್ದ ಮನೆಗೆ 5 ಲಕ್ಷ ರೂಪಾಯಿಯನ್ನೂ ಕೊಡುವದಾಗಿ ಸಾರಿತು. ಅದು ನ್ಯಾಯವಾದದ್ದೇ. ಆದರೆ ಹಣವು ಕಂತುಕಂತಾಗಿ ಬರುವದು, ಮಕ್ಕಳ ಹಸಿವೆಯು ಕಂತಿಗಾಗಿ ಕಾಯುವದಿಲ್ಲ. ಆ ನಡುವಿನ ದಿವಸಗಳನ್ನು ತುಂಬಿದವರು ಯಾರು? ತವರುಮನೆಯವರು, ಸೋದರಮಾವಂದಿರು, ಅಕ್ಕನ ಗಂಡಂದಿರು. ಅವರು ಟ್ರ್ಯಾಕ್ಟರ್ ತಂದರು. ದನಗಳಿಗೆ ಜೋಳದ ಕಣಿಕೆ ಹೇರಿಕೊಂಡು ಬಂದರು. ಒದ್ದೆಯಾದ ಕಟ್ಟಿಗೆಯು ಉರಿಯದೆಂದು ತಿಳಿದು ಒಣಗಿದ ಕುಳ್ಳು ತಂದರು. ಇದನ್ನು ತಿಳಿಯುವದಕ್ಕೆ ಬಂಧುವೇ ಬೇಕು. ಹೊರಗಿನ ಧರ್ಮಿಷ್ಠರು ಸೀರೆ ಕಂಬಳಿಗಳನ್ನು ಕಳುಹಿಸಿದರು, ಕರ್ತನು ಅವರನ್ನು ಆಶೀರ್ವದಿಸಲಿ. ಆದರೆ ಕುಳ್ಳು ಬೇಕೆಂದು ಅವರಿಗೆ ಹೇಗೆ ತಿಳಿದೀತು? ಬೀಸುವ ಕಲ್ಲಿಗೆ ಗೂಟವಿಲ್ಲ, ಮುದುಕಿಗೆ ಮಲಗಲು ಬೆಚ್ಚಗಿನ ಮೂಲೆಯಿಲ್ಲ, ದೊಡ್ಡ ಹುಡುಗಿಯು ಸ್ನಾನಮಾಡಲು ಮರೆಯಿಲ್ಲ ಎಂಬದನ್ನು ಯಾರೂ ಕೇಳದೆ ಕಂಡುಕೊಂಡವರು ಸ್ವಂತದವರೇ.

ಈ ವಿಷಯದಲ್ಲಿ ಒಂದು ಮಾತನ್ನು ಬಿಡದೆ ಹೇಳಬೇಕು. ಮನೆ ಬಿಟ್ಟವರು ಅಣ್ಣನ ಮನೆಯಲ್ಲಿ ಒಂದೆರಡು ತಿಂಗಳು ಇದ್ದರೆಂದು ಇಟ್ಟುಕೊಳ್ಳೋಣ. ಆಮೇಲೆ ಜನರ ಮುಂದೆ, "ಅಣ್ಣನು ನಮ್ಮನ್ನು ಸಾಕಿದನು" ಎನ್ನುತ್ತಾರೆ. ಅಣ್ಣನು ಬಾಗಲು ತೆರೆದದ್ದು ನಿಜ. ಆದರೆ ಪ್ರತಿದಿನ ಇಮ್ಮಡಿ ರೊಟ್ಟಿ ತಟ್ಟಿದವಳು ಅವನ ಹೆಂಡತಿ. ತನ್ನ ಒಲೆಯ ಅರ್ಧವನ್ನು ಇನ್ನೊಬ್ಬ ಹೆಂಗಸಿಗೆ ಬಿಟ್ಟುಕೊಟ್ಟವಳು, ತನ್ನ ಮಕ್ಕಳ ಪಾಲಿನ ಹಾಲಿಗೆ ನೀರು ಬೆರಸಿದವಳು, ತನ್ನ ಡಬ್ಬಿಯೊಳಗಿನ ಉಪ್ಪುಕಾರವು ಯಾರ ಕೈಯಿಂದ ಮುಗಿಯಿತೆಂದು ಕೇಳದೆ ಇದ್ದವಳು ಅವಳೇ. ಗಂಡಸರು ಕಟ್ಟೆಯ ಮೇಲೆ ಕೂತು ಔದಾರ್ಯವನ್ನು ಮಾತಾಡಬಲ್ಲರು. ಅಡಿಗೆಮನೆಯೊಳಗೆ ಔದಾರ್ಯಕ್ಕೆ ದಿನಕ್ಕೆ ಮೂರು ಸಾರಿ ಪರೀಕ್ಷೆಯಾಗುವದು. ಅತ್ತಿಗೆಗೆ ಸಲ್ಲಬೇಕಾದ ಉಪಕಾರವನ್ನು ಅಣ್ಣನ ಲೆಕ್ಕಕ್ಕೆ ಬರೆಯುವದು ನಮ್ಮಲ್ಲಿ ಬಹು ಸಾಧಾರಣವಾದ ಅನ್ಯಾಯವಾಗಿದೆ. ರೂತಳ ಪುಸ್ತಕವನ್ನು ಓದುವಾಗ ನಾವು ಬೋವಜನ ಹೊಲವನ್ನು ಹೊಗಳುತ್ತೇವೆ. ಆದರೆ ಮೋವಾಬಿನಿಂದ ಬರಿಗೈಯಲ್ಲಿ ಹಿಂದಿರುಗಿದ ಅತ್ತೆಯ ಹೊಟ್ಟೆಯನ್ನು ದಿನದಿನಕ್ಕೆ ತುಂಬಿಸಿದವಳು ಹಕ್ಕಲು ಆಯ್ದ ಸೊಸೆಯೇ. ತಾನು ಹೊಟ್ಟೆತುಂಬ ತಿಂದು ಉಳಿದದ್ದನ್ನು ಅವಳು ಅತ್ತೆಗೆ ತಂದು ಕೊಟ್ಟಳೆಂಬದನ್ನೂ ಆ ಪುಸ್ತಕವು ಮರೆಯದೆ ಬರೆದಿಟ್ಟಿದೆ.

ಈಗ ಋಣದ ವಿಷಯಕ್ಕೆ ಬರೋಣ. ನಮ್ಮ ಹಿರಿಯರು ಇದಕ್ಕೆ ಒಂದು ವ್ಯವಸ್ಥೆಯನ್ನು ಮಾಡಿಟ್ಟಿದ್ದಾರೆ. ಅದಕ್ಕೆ ಮುಯ್ಯಿ ಎಂದು ಹೆಸರು. ಮದುವೆಯಲ್ಲಿಯೂ ಮನೆ ತುಂಬುವ ದಿನದಲ್ಲಿಯೂ ಬಂದ ಪಾತ್ರೆ, ಬಟ್ಟೆ, ರೊಕ್ಕಗಳನ್ನು ಒಬ್ಬನು ಕೂತು ಪುಸ್ತಕದಲ್ಲಿ ಬರೆಯುತ್ತಾನೆ. ಮುಂದೆ ಕೊಟ್ಟವರ ಮನೆಯಲ್ಲಿ ಕಾರ್ಯವಾದಾಗ ಅಷ್ಟನ್ನಾದರೂ ಹಿಂದಕ್ಕೆ ಕೊಡಬೇಕು. ಹೊಲದ ಕೆಲಸದಲ್ಲಿ ಮುಯ್ಯಾಳಿನ ಪದ್ಧತಿಯೂ ಹೀಗೆಯೇ: ಇಂದು ನೀನು ನನ್ನ ಹೊಲಕ್ಕೆ, ನಾಳೆ ನಾನು ನಿನ್ನ ಹೊಲಕ್ಕೆ. ನಾನು ಈ ಪದ್ಧತಿಯನ್ನು ಹಳಿಯುವವನಲ್ಲ. ಬಡವರು ಒಬ್ಬರನ್ನೊಬ್ಬರು ಎತ್ತಿ ನಿಲ್ಲಿಸುವದಕ್ಕೆ ಇದು ಒಳ್ಳೇ ಉಪಾಯ, ಸಾಹುಕಾರನ ಬಡ್ಡಿಗಿಂತ ಸಾವಿರ ಪಾಲು ಮೇಲು. ಆದರೆ ಮುಯ್ಯಿಯು ಹಿಂದಿರುಗಿದ ಕೂಡಲೆ ಪುಸ್ತಕದಲ್ಲಿ ಗೆರೆ ಎಳೆಯುತ್ತಾರೆ. ಮಹಾಪೂರದ ರಾತ್ರಿಯಲ್ಲಿ ನಿಮ್ಮ ಕೂಸನ್ನು ಹೊತ್ತುಕೊಂಡು ಹೋದವನ ಹೆಸರಿನ ಮುಂದೆ ಏನನ್ನು ಬರೆಯುವಿರಿ? ಅವನ ಮನೆಯೂ ಬೀಳಲಿ, ಆಗ ನಾನೂ ಹೊತ್ತು ತೀರಿಸುವೆನೆಂದು ಕಾಯುವಿರೋ? ಸಮನಾದದ್ದನ್ನು ಹಿಂದಕ್ಕೆ ಕೊಡುವದೇ ಕೃತಜ್ಞತೆಯಾಗಿದ್ದರೆ, ನಮಗೆ ಉಪಕಾರ ಮಾಡಿದವನ ಮೇಲೆ ನಮ್ಮಂಥ ಆಪತ್ತು ಬರಲೆಂದು ನಾವು ಅಪೇಕ್ಷಿಸಬೇಕಾದೀತು. ಲೆಕ್ಕವು ಇಂಥ ಸ್ಥಳಕ್ಕೆ ಬಂದು ನಿಂತರೆ ಆ ಲೆಕ್ಕದ ಪುಸ್ತಕವು ಈ ಕೆಲಸಕ್ಕೆ ತಕ್ಕದ್ದಲ್ಲವೆಂದು ತಿಳಿಯಬೇಕು.

ಬಂಧುತ್ವದಲ್ಲಿ ಲೆಕ್ಕವನ್ನು ಬಿಡದೆ ಹಿಡಿದರೆ ಏನಾಗುವದೆಂಬದಕ್ಕೆ ಲಾಬಾನನ ಮನೆಯೇ ಸಾಕ್ಷಿ. ಅವನು ತಂಗಿಯ ಮಗನಾದ ಯಾಕೋಬನನ್ನು ಅಪ್ಪಿಕೊಂಡನು, ಮುದ್ದಿಟ್ಟನು, ಮನೆಯೊಳಗೆ ಕರಕೊಂಡನು. ಒಂದು ತಿಂಗಳಾಗುವಷ್ಟರಲ್ಲಿ ಸಂಬಳದ ಮಾತು ತೆಗೆದನು. ಮಾತು ತೆಗೆದ ರೀತಿಯು ಬಹು ಪ್ರೀತಿಯದಾಗಿ ಕಾಣುವದು. ಬಂಧುವಾದ ಮಾತ್ರಕ್ಕೆ ಸುಮ್ಮನೆ ದುಡಿಯಬೇಕೇ ಎಂದು ಕೇಳಿದನು. ಅದರ ಕೊನೆಯೋ, ಇಪ್ಪತ್ತು ವರುಷದ ಚಾಕರಿ, ಹತ್ತು ಸಾರಿ ಬದಲಾದ ಸಂಬಳ, ಗುಟ್ಟಾದ ಒಂದು ಓಟ, ನಡುವೆ ಗಡಿಗಾಗಿ ಒಂದು ಕಲ್ಲುಗುಪ್ಪೆ. ಅಣ್ಣತಮ್ಮಂದಿರ ಹೊಲಗಳ ನಡುವೆ ಅಂಥ ಕಲ್ಲುಗಳನ್ನು ನಮ್ಮ ತಾಲೂಕುಗಳಲ್ಲಿ ಹುಡುಕಿ ನೋಡಬೇಕಾದ ಅವಶ್ಯವಿಲ್ಲ.

ಸಭೆಯವರಾದ ನಮಗೆ ಇನ್ನೊಂದು ಶೋಧನೆಯುಂಟು, ಮತ್ತು ಇದು ಭಕ್ತಿಯ ವೇಷದಲ್ಲಿ ಬರುವದರಿಂದ ಹೆಚ್ಚು ಅಪಾಯಕರ. ಹೊಸ ಮನೆಯ ಪ್ರಾರ್ಥನೆಯಲ್ಲಿ ನಾವು ಎದ್ದು ನಿಂತು, "ಎಲ್ಲವನ್ನೂ ಮಾಡಿದವನು ದೇವರೇ, ಮನುಷ್ಯರ ಸಹಾಯವು ವ್ಯರ್ಥ" ಎಂದು ಸಾಕ್ಷಿ ಹೇಳುತ್ತೇವೆ. ಹಿಂದಿನ ಚಾಪೆಯಲ್ಲಿ ಭಾವಮೈದುನನು ಕೂತಿರುವನು, ಅವನ ಅಂಗೈಯ ಬೊಬ್ಬೆಯು ಇನ್ನೂ ಒಣಗಿರುವದಿಲ್ಲ. ದೇವರು ಮಾಡಿದ್ದು ನಿಶ್ಚಯ. ಆದರೆ ದೇವರು ಆ ಕೈಗಳಿಂದಲ್ಲವೇ ಮಾಡಿದನು? ತಂದೆತಾಯಿಗಳಿಗೆ ಸಲ್ಲತಕ್ಕದ್ದನ್ನು ಕೊರ್ಬಾನ್ ಎಂದು ಹೇಳಿ ದೇವರ ಹೆಸರಿಗೆ ಬರೆದು, ಅವರಿಗೆ ಏನೂ ಕೊಡದೆ ಬಿಟ್ಟ ಜನರನ್ನು ನಮ್ಮ ಕರ್ತನು ಎಷ್ಟು ಕಠಿಣವಾಗಿ ಗದರಿಸಿದನೆಂಬದನ್ನು ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಓದಿರಿ. ಹಣವನ್ನು ಮಾತ್ರವೇ ಕೊರ್ಬಾನ್ ಮಾಡಲು ಬರುವದೆಂದು ಎಣಿಸಬೇಡಿರಿ. ಉಪಕಾರದ ಮಾತನ್ನೂ ಹಾಗೆ ಮಾಡಲಿಕ್ಕೆ ಬರುತ್ತದೆ. ದೇವರಿಗೆ ಸ್ತೋತ್ರ ಹೇಳಿದೆವೆಂಬ ನೆಪದಿಂದ ಮನುಷ್ಯನಿಗೆ ಹೇಳಬೇಕಾದದ್ದನ್ನು ಉಳಿಸಿಕೊಂಡರೆ ಅದು ಸ್ತೋತ್ರವಲ್ಲ, ಜಿಪುಣತನ.

ಇದು ಎಲ್ಲಕ್ಕಿಂತ ಹೆಚ್ಚಾಗಿ ನಮ್ಮನ್ನು ಚುಚ್ಚುವದು ಆ ಬಂಧುಗಳು ನಮ್ಮ ಮತದವರಲ್ಲದಿರುವಾಗ. ಈ ಗಾಯವು ಹಳೆಯದು. ಲಂಡನ್ ಮಿಷನ್ನಿನವರು 1820ರಲ್ಲಿ ಬೆಳಗಾವಿಯಲ್ಲಿ ಕೆಲಸವನ್ನಾರಂಭಿಸಿದರು, 1904ರಲ್ಲಿ ಮೆಥೊಡಿಸ್ಟ್ ಮಿಷನ್ನಿನವರು ಅದನ್ನು ವಹಿಸಿಕೊಂಡರು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದರು. ಆ ಕಾಲದಲ್ಲಿ ದೀಕ್ಷಾಸ್ನಾನ ಹೊಂದಿದವರಲ್ಲಿ ಅನೇಕರು ಅದೇ ದಿನ ಮನೆಯನ್ನೂ ಬಾವಿಯನ್ನೂ ಬಂಧುಗಳನ್ನೂ ಕಳಕೊಂಡರು. ಬಾಸೆಲ್ ಮಿಷನ್ನಿನವರು ನೇಯಿಗೆಯ ಶಾಲೆಗಳನ್ನೂ 1865ರಲ್ಲಿ ಮಂಗಳೂರಿನ ಹಂಚಿನ ಕಾರಖಾನೆಯನ್ನೂ ಸ್ಥಾಪಿಸಿದ್ದರ ಒಂದು ಕಾರಣವು ಇದೇ: ಹೊರಗೆ ಹಾಕಲ್ಪಟ್ಟವರಿಗೆ ದುಡಿದು ತಿನ್ನುವ ಸ್ಥಳ ಬೇಕಾಗಿತ್ತು. ಆಗ ಸಭೆಯೇ ಬಂಧುಬಳಗವಾಯಿತು. ಆದದರಿಂದ ನಮ್ಮ ಮನೆಗಳಲ್ಲಿ, "ಅವರು ಅಜ್ಜನನ್ನು ಹೊರಗೆ ಹಾಕಿದವರು" ಎಂಬ ಮಾತು ಎರಡು ಮೂರು ತಲೆಮಾರು ಉಳಿದುಬಂದಿದೆ. ಹೀಗಿರಲಾಗಿ ನೀರು ಬಂದ ದಿನ ಅದೇ ಮನೆತನದ ಮೊಮ್ಮಗನು ಚಕ್ಕಡಿ ಹೂಡಿಕೊಂಡು ಬಂದು ಬಾಗಲಲ್ಲಿ ನಿಂತರೆ ಏನು ಮಾಡುವದು?

ಕೆಲವರು, ಸಹಾಯವನ್ನು ತಕ್ಕೊಳ್ಳಬಹುದು, ಹೆಚ್ಚಿನ ಸಲಿಗೆ ಬೇಡವೆನ್ನುತ್ತಾರೆ. ಚಕ್ಕಡಿ ಬೇಕು, ಚಕ್ಕಡಿಯವನು ಬೇಡ! ಇದು ಸುವಾರ್ತೆಯಲ್ಲ. ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಹಿಂದಿರುಗಿ ಬಂದವನು ಸಮಾರ್ಯದವನಾಗಿದ್ದನು. ಕೃತಜ್ಞತೆಯು ಗಡಿಯ ಆಚೆಯವರಿಗೆ ತಿಳಿಯದೆಂದು ಯೆಹೂದ್ಯರು ಎಣಿಸಿದ್ದರೆ ಅಲ್ಲಿ ನಾಚಿಕೊಂಡಿರಬೇಕು. ಇನ್ನು ಕೆಲವರ ಭಯವು ಬೇರೆ. ಬಂದ ಬಂಧುಗಳು ಹೊಸ ಹೊಸ್ತಿಲಲ್ಲಿ ತೆಂಗಿನಕಾಯಿ ಒಡೆಯಬೇಕೆಂದರೆ? ಈ ಪ್ರಶ್ನೆಯನ್ನು ಉಪದೇಶಕರಿಗೆ ಮೇಲಿಂದ ಮೇಲೆ ಕೇಳುತ್ತಾರೆ, ಮತ್ತು ನನ್ನ ಅಭಿಪ್ರಾಯವನ್ನು ಮುಚ್ಚಿಡುವದಿಲ್ಲ. ನಮ್ಮ ಮನೆಯನ್ನು ನಾವು ಪ್ರಾರ್ಥನೆಯಿಂದ ಪ್ರತಿಷ್ಠಿಸುವೆವೆಂದು ಮೊದಲೇ, ನಗುಮುಖದಿಂದ, ಅವರ ಮನೆಗೆ ಹೋಗಿ ಹೇಳಬೇಕು. ಹೊಸ್ತಿಲ ಮೇಲೆ ನಿಂತು ನಾಲ್ಕು ಜನರ ಮುಂದೆ ತಡೆಯಬಾರದು. ಆ ಕಾಯಿಯನ್ನು ಒಳಗೆ ತಕ್ಕೊಂಡು ಮಧ್ಯಾಹ್ನದ ಪಲ್ಯಕ್ಕೆ ತುರಿದು ಹಾಕಿ ಎಲ್ಲರೂ ಕೂಡಿ ಊಟಮಾಡಿರಿ. ನಮ್ಮ ನಂಬಿಕೆಯು ನಮ್ಮಲ್ಲಿಯೇ ಇರುವದು, ಅವರ ಪ್ರೀತಿಯೂ ವ್ಯರ್ಥವಾಗುವದಿಲ್ಲ. ಮತ್ತೊಂದು ಮಾತು: ಅವರ ಸಹಾಯಕ್ಕೆ ಪ್ರತಿಯಾಗಿ ಆ ದಿನ ಅವರಿಗೆ ಪ್ರಸಂಗ ಮಾಡಬಾರದು. ಉಪಕಾರದ ಮಾತನ್ನು ಗಾಳಕ್ಕೆ ಸಿಕ್ಕಿಸಿದ ಎರೆಹುಳವನ್ನಾಗಿ ಮಾಡಿದರೆ ಕೇಳುವವನಿಗೆ ಅದು ತಿಳಿಯದೆ ಇರುವದಿಲ್ಲ.

ಉಪಕಾರ ಮಾಡಿ ಅದನ್ನೇ ಜೀವಮಾನವೆಲ್ಲಾ ಎತ್ತಿ ಆಡುವ ಬಂಧುಗಳೂ ಇದ್ದಾರೆ. ಅದು ನನಗೆ ತಿಳಿಯದ ಸಂಗತಿಯಲ್ಲ. ಅಂಥವರು ಮಾಡಿದ ಉಪಕಾರವೂ ಉಪಕಾರವೇ. ಅವರು ಅಂದ ಬಿರುನುಡಿಯಿಂದ ಅವರು ಹೊತ್ತ ಚೀಲವು ಹಗುರವಾಗುವದಿಲ್ಲ. ಆದರೆ ಆ ಋಣಕ್ಕಾಗಿ ಮಗಳನ್ನು ಅವರು ಹೇಳಿದ ಮನೆಗೆ ಕೊಡಬೇಕು, ಅವರ ಜಗಳದಲ್ಲಿ ಸುಳ್ಳುಸಾಕ್ಷಿ ಹೇಳಬೇಕು ಎಂದು ಬಂದರೆ ಒಪ್ಪತಕ್ಕದ್ದಲ್ಲ. ಕೃತಜ್ಞನು ಋಣಿಯೇ ಹೊರತು ದಾಸನಲ್ಲ.

ಹಾಗಾದರೆ ಮುಯ್ಯಿಯಿಂದ ತೀರದ ಈ ಋಣವನ್ನು ಹೇಗೆ ಇಟ್ಟುಕೊಳ್ಳಬೇಕು? ದಾವೀದನು ಮಗನಾದ ಅಬ್ಷಾಲೋಮನಿಗೆ ಹೆದರಿ ಯೊರ್ದನನ್ನು ದಾಟಿ ಮಹನಯಿಮಿಗೆ ಬಂದಾಗ ಬರ್ಜಿಲ್ಲೈ ಎಂಬ ಮುದುಕನೂ ಅವನ ಸಂಗಡಿಗರೂ ಏನೇನು ತಂದರೆಂದು ಎರಡನೆಯ ಸಮುವೇಲದ ಹದಿನೇಳನೆಯ ಅಧ್ಯಾಯದಲ್ಲಿ ನೋಡಿರಿ. ಬೆಳ್ಳಿಬಂಗಾರವಿಲ್ಲ, ಕತ್ತಿಗುರಾಣಿಯಿಲ್ಲ. ಹಾಸಿಗೆ, ಬೋಗುಣಿ, ಮಣ್ಣಿನ ಗಡಿಗೆ, ಗೋದಿ, ಹಿಟ್ಟು, ಹುರಿದ ಕಾಳು, ಬೇಳೆ, ಜೇನು, ಬೆಣ್ಣೆ. ನಮ್ಮ ಕುಟುಂಬಗಳು ಬರುವಾಗ ಟ್ರ್ಯಾಕ್ಟರಿನಲ್ಲಿ ತಂದ ಸಾಮಾನಿನ ಪಟ್ಟಿಯೇ ಇದು. ಬರ್ಜಿಲ್ಲೈಯು ರಕ್ತಸಂಬಂಧಿಯಲ್ಲ, ಸ್ವಂತ ಮಗನು ಓಡಿಸಿದವನಿಗೆ ಪರರು ಬಂಧುಗಳಾದರು. ಯುದ್ಧವು ತೀರಿ ಅರಸನು ಹಿಂದಿರುಗುವಾಗ, ನನ್ನ ಸಂಗಡ ಯೆರೂಸಲೇಮಿಗೆ ಬಾ, ನಿನ್ನನ್ನು ಸಾಕುವೆನೆಂದು ಕರೆದನು. ಮುದುಕನಿಗೆ ಎಂಭತ್ತು ವರುಷ. ಊಟದ ರುಚಿಯೂ ತಿಳಿಯುತ್ತಿರಲಿಲ್ಲ, ಹಾಡುವವರ ಸ್ವರವೂ ಕೇಳಿಸುತ್ತಿರಲಿಲ್ಲ. ತಂದೆತಾಯಿಗಳ ಸಮಾಧಿಯ ಬಳಿಯಲ್ಲಿಯೇ ಸಾಯುವೆನೆಂದು ಒಲ್ಲೆನೆಂದನು. ತನಗೆ ಬದಲಾಗಿ ಕಿಮ್ಹಾಮನನ್ನು ಕಳುಹಿಸಿದನು. ಅರಸನು ಮುದುಕನನ್ನು ಬಲವಂತ ಮಾಡಲಿಲ್ಲ, ನನ್ನ ಸಾಲ ತೀರಿತೆಂದೂ ಎಣಿಸಲಿಲ್ಲ. ಎಷ್ಟೋ ವರುಷಗಳಾದ ಮೇಲೆ ಮರಣಶಯ್ಯೆಯಲ್ಲಿ ಸೊಲೊಮೋನನಿಗೆ ಆಜ್ಞೆಕೊಡುವಾಗ, ಹಗೆಗಳ ಹೆಸರುಗಳ ನಡುವೆಯೂ ಬರ್ಜಿಲ್ಲೈಯ ಮಕ್ಕಳನ್ನು ನೆನಸಿ, ಅವರು ನಿನ್ನ ಮೇಜಿನಲ್ಲಿ ಊಟಮಾಡಲೆಂದು ಹೇಳಿದನು.

ಇದನ್ನು ಮುಯ್ಯಿಯ ಪುಸ್ತಕದಲ್ಲಿ ಬರೆಯಲು ಬಾರದು. ಮಕ್ಕಳ ಕಿವಿಯಲ್ಲಿ ಹೇಳಬೇಕಾಗುವದು. ಬಿದ್ದ ಗೋಡೆಯನ್ನು ತಿರಿಗಿ ಎತ್ತಿದ ಸೋದರಮಾವನ ಹೆಸರು, ಅರ್ಧ ಒಲೆಯನ್ನು ಬಿಟ್ಟುಕೊಟ್ಟ ಅತ್ತಿಗೆಯ ಹೆಸರು, ಚಕ್ಕಡಿ ತಂದ ಬೇರೆ ಮತದ ಬಂಧುವಿನ ಹೆಸರು, ಇವು ನಮ್ಮ ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಹೆಸರು ಹಿಡಿದು ಬರುತ್ತವೋ? ಅವರ ಮಕ್ಕಳು ಓದಲಿಕ್ಕೆ ಚಿಕ್ಕೋಡಿಗೋ ಅಥಣಿಗೋ ಬಂದರೆ ನಮ್ಮ ಮನೆಯಲ್ಲಿ ತಟ್ಟೆ ಇಡುವರೋ?

ಕಿಮ್ಹಾಮನ ಮಾತು ಅಲ್ಲಿಗೆ ಮುಗಿಯುವದಿಲ್ಲ. ಸುಮಾರು ನಾಲ್ಕು ನೂರು ವರುಷಗಳ ಮೇಲೆ ಯೆರೂಸಲೇಮು ಹಾಳಾಗಿ, ಉಳಿದ ಜನರು ಬಾಬೆಲಿನವರಿಗೆ ಹೆದರಿ ಹೆಂಗಸರನ್ನೂ ಮಕ್ಕಳನ್ನೂ ಕರಕೊಂಡು ಐಗುಪ್ತದ ಕಡೆಗೆ ಓಡುವಾಗ ಎಲ್ಲಿ ತಂಗಿದರೆಂದು ಯೆರೆಮೀಯನ ನಾಲ್ವತ್ತೊಂದನೆಯ ಅಧ್ಯಾಯದಲ್ಲಿ ಬರೆದಿದೆ. ಆ ಸ್ಥಳವು ದಾವೀದನ ಸ್ವಂತ ಊರಾದ ಬೇತ್ಲೆಹೇಮಿನ ಬಳಿಯಲ್ಲಿತ್ತು. ದಾವೀದನು ಅದನ್ನು ಕೊಟ್ಟನೆಂದು ಶಾಸ್ತ್ರವು ಹೇಳುವದಿಲ್ಲ. ಯೊರ್ದನಿನ ಆಚೆಯ ಮುದುಕನ ಮನೆಯವನಿಗೆ ಬೇತ್ಲೆಹೇಮಿನಲ್ಲಿ ನೆಲವು ಹೇಗೆ ಬಂತೆಂದು ನಾವೇ ಯೋಚಿಸಬೇಕು. ಮನೆ ಕಳಕೊಂಡ ಆ ಜನರು ಇಳುಕೊಂಡ ಸ್ಥಳದ ಹೆಸರು ಕಿಮ್ಹಾಮನ ವಸತಿ.