ಆಟವೂ ಕಾಯಕವೂ

ಜೀವನೋಪಾಯಗಳಲ್ಲಿ ಮರ್ಯಾದೆಯಾದುವು ಯಾವುವು, ಅಲ್ಲದವು ಯಾವುವು ಎಂಬ ವಿಚಾರದಲ್ಲಿ ಒಂದೊಂದು ಕಾಲದವರಿಗೆ ಒಂದೊಂದು ಅಭಿಪ್ರಾಯವಿರುತ್ತದೆ. ನಮ್ಮ ಹಿರಿಯರ ಕಾಲದಲ್ಲಿ ನಾಟಕದವನಿಗೆ ಹೆಣ್ಣು ಕೊಡಲು ಹಿಂಜರಿಯುವ ಮನೆಗಳು ಬೇಕಾದಷ್ಟಿದ್ದುವು. ೧೮೮೪ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಆಟ ಊರಿಗೆ ಬಂದರೆ ನೋಡದೆ ಬಿಡುವವರು ಮಾತ್ರ ಕಡಮೆ. ಈಗ ಅಂಥದೇ ಸಂದೇಹ ಹೊಸದೊಂದು ಕಸುಬಿನ ಸುತ್ತ ಹುಟ್ಟಿಕೊಂಡಿದೆ. ತರುಣನೊಬ್ಬನು ತನ್ನ ಕೊಠಡಿಯಲ್ಲಿ ಕುಳಿತು ವಿಡಿಯೋ ಗೇಮ್ ಆಡುತ್ತಾನೆ. ಆ ಆಟವನ್ನೂ ತನ್ನ ಮುಖವನ್ನೂ ಮಾತನ್ನೂ ಯೂಟ್ಯೂಬ್, ಟ್ವಿಚ್ ಮೊದಲಾದ ತಾಣಗಳ ಮೂಲಕ ಆ ಕ್ಷಣದಲ್ಲಿಯೇ ಪ್ರಸಾರಮಾಡುತ್ತಾನೆ. ನೋಡುವವರು ಬರೆದು ಕಳುಹಿಸುವ ಮಾತುಗಳಿಗೆ ಆಡುತ್ತಲೇ ಉತ್ತರ ಕೊಡುತ್ತಾನೆ. ಇದರಿಂದ ಬರುವ ಹಣದಲ್ಲಿಯೇ ಬಾಳುವೆನೆನ್ನುತ್ತಾನೆ. ಇಂಥವನಿಗೆ ಸ್ಟ್ರೀಮರ್ ಎಂದು ಹೆಸರು. ಇದು ಕಸುಬೆನ್ನಿಸಿಕೊಳ್ಳುತ್ತದೆಯೇ? ಕಸುಬಾದರೆ ನಿಲ್ಲುವಂಥದೇ? ನಿಂತರೂ ಧರ್ಮವಾದುದೇ? ಈ ಮೂರು ಪ್ರಶ್ನೆಗಳನ್ನು ಸಾಮಾನ್ಯವಾಗಿ ಒಂದಾಗಿ ಕಲಸಿಬಿಡುತ್ತೇವೆ. ಬಿಡಿಸಿ ನೋಡುವುದು ಯುಕ್ತ.

ಬೆಂಗಳೂರಿನ ಉತ್ತರದ ಜಾಲಹಳ್ಳಿಯಲ್ಲಿ ಈ ಪ್ರಶ್ನೆಗಳಿಗೆ ಹೆಚ್ಚಿನ ತೀಕ್ಷ್ಣತೆಯುಂಟು. ೧೯೫೩ರಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್, ೧೯೫೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪಿತವಾದ ಮೇಲೆ, ಎರಡು ತಲೆಮಾರಿನವರೆಗೆ ಆ ಪ್ರಾಂತದ ಎಷ್ಟೋ ಮನೆಗಳಲ್ಲಿ ಉದ್ಯೋಗವೆಂದರೆ ಕಾರ್ಖಾನೆಯ ಉದ್ಯೋಗ. ಎಂದರೆ ಹೊತ್ತಿಗೆ ಸರಿಯಾಗಿ ಕೂಗುವ ಸೈರನ್, ತಿಂಗಳಿಗೆ ತಪ್ಪದ ಸಂಬಳ, ವಸತಿಗೃಹ, ಪ್ರಾವಿಡೆಂಟ್ ಫಂಡ್. ಅಂಥ ಮನೆಯ ಮೊಮ್ಮಗನು ಆಟವಾಡಿ ಸಂಪಾದಿಸುತ್ತೇನೆಂದರೆ ತಾತನಿಗೆ ಅದು ಅರ್ಥವಾಗದಿರುವುದು ಸಹಜವೇ. ಆದರೆ ಸ್ಥಿರವೆಂದುಕೊಂಡದ್ದೆಲ್ಲ ಸ್ಥಿರವಾಗಿ ಉಳಿಯಲಿಲ್ಲವೆಂಬುದಕ್ಕೂ ಜಾಲಹಳ್ಳಿಯೇ ಸಾಕ್ಷಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ೧೯೬೧ರಲ್ಲಿ ಅಲ್ಲಿ ಕೈಗಡಿಯಾರದ ತಯಾರಿಕೆ ಆರಂಭವಾಯಿತು. ಮದುವೆಯ ಉಡುಗೊರೆಯೆಂದರೆ ಎಚ್.ಎಂ.ಟಿ. ಗಡಿಯಾರವೆಂಬ ಕಾಲ ಬಂದು ಹೋಯಿತು. ೨೦೧೬ರಲ್ಲಿ ಕೇಂದ್ರ ಸರ್ಕಾರವು ಆ ಗಡಿಯಾರದ ಕಂಪನಿಯನ್ನು ಮುಚ್ಚಲು ಒಪ್ಪಿಗೆಯಿತ್ತಿತು. ಆದಕಾರಣ ಸ್ಥಿರತೆಯೊಂದನ್ನೇ ಹಿಡಿದು ಹಳೆಯ ಕಸುಬನ್ನು ಹೊಗಳಿ ಹೊಸತನ್ನು ಹಳಿಯುವುದು ನ್ಯಾಯವಾಗಲಾರದು.

ಇನ್ನು ಮೊದಲನೆಯ ಪ್ರಶ್ನೆ. ಆಟವು ಶ್ರಮವೆನ್ನಿಸಿಕೊಳ್ಳಬಲ್ಲುದೇ? ನಮ್ಮಲ್ಲಿ ಅಷ್ಟಾವಧಾನವೆಂಬ ಕಲೆಯುಂಟು. ಎಂಟು ಮಂದಿ ಪೃಚ್ಛಕರು ಸುತ್ತ ಕುಳಿತು ಒಬ್ಬರು ಸಮಸ್ಯೆಯನ್ನೂ ಒಬ್ಬರು ದತ್ತಪದಿಯನ್ನೂ ಒಡ್ಡುತ್ತಾರೆ. ಇನ್ನೊಬ್ಬರು ಅಪ್ರಸ್ತುತಪ್ರಸಂಗವೆಂಬ ನೆಪದಲ್ಲಿ ನಡುನಡುವೆ ತರಲೆಯ ಮಾತು ತೆಗೆದು ಅವಧಾನಿಯ ಚಿತ್ತವನ್ನು ಕದಡಲು ನೋಡುತ್ತಾರೆ. ೨೦೧೨ರಲ್ಲಿ ಡಾಕ್ಟರ್ ಆರ್. ಗಣೇಶರು ಬೆಂಗಳೂರಿನಲ್ಲಿ ಪೂರ್ಣವಾಗಿ ಕನ್ನಡದಲ್ಲಿಯೇ ಶತಾವಧಾನವನ್ನು ನಡೆಸಿದುದು ಅನೇಕರಿಗೆ ನೆನಪಿರಬಹುದು. ವಿದ್ವತ್ತಿನಲ್ಲಿ ಸ್ಟ್ರೀಮರನನ್ನು ಅವಧಾನಿಗೆ ಹೋಲಿಸುವುದು ಹಾಸ್ಯಾಸ್ಪದವಾದೀತು. ಆದರೂ ಕೈ ಒಂದು ಕೆಲಸದಲ್ಲಿರುವಾಗ ಬಾಯಿ ಮತ್ತೊಂದಕ್ಕೆ ಉತ್ತರ ಹೇಳುತ್ತ, ಅಪ್ರಸ್ತುತವನ್ನು ನಗುತ್ತ ಸಹಿಸುತ್ತ, ಸಭೆಯನ್ನು ಗಂಟೆಗಟ್ಟಲೆ ಹಿಡಿದಿಡುವ ಶ್ರಮ ಎರಡರಲ್ಲಿಯೂ ಒಂದೇ ಜಾತಿಯದು. ಮೇಲಾಗಿ ಧ್ವನಿಯ ಏರ್ಪಾಡು, ಚಿತ್ರಸಂಕಲನ, ಸಭೆಯಲ್ಲಿ ಕೆಟ್ಟ ಮಾತು ಬಾರದಂತೆ ಕಾಯುವುದು ಇವೆಲ್ಲ ಅವನ ಪಾಲಿನವೇ. ಇದನ್ನು ಸೋಮಾರಿತನವೆನ್ನುವುದು ಅರಿಯದವರ ಮಾತು.

ಎರಡನೆಯ ಪ್ರಶ್ನೆಯ ವಿಷಯದಲ್ಲಿ ಹಿರಿಯರ ಭಯಕ್ಕೆ ಆಧಾರವುಂಟು. ಯೂಟ್ಯೂಬಿನಲ್ಲಿ ಜಾಹೀರಾತಿನ ವರಮಾನದ ಪಾಲು ದೊರೆಯಬೇಕಾದರೆ, ಸಾಮಾನ್ಯ ವಿಡಿಯೋಗಳ ಮಟ್ಟಿಗೆ, ೧೦೦೦ ಚಂದಾದಾರರೂ ಹಿಂದಿನ ಹನ್ನೆರಡು ತಿಂಗಳಲ್ಲಿ ೪೦೦೦ ಗಂಟೆಗಳ ವೀಕ್ಷಣೆಯೂ ಆಗಿರಬೇಕೆಂದು ೨೦೧೮ರಲ್ಲಿ ನಿಯಮವಾಯಿತು. ಅಲ್ಲಿಂದ ಮುಂದೆ ಜಾಹೀರಾತಿನ ಹಣದಲ್ಲಿ ನೂರಕ್ಕೆ ೫೫ ಪಾಲು, ಪ್ರೇಕ್ಷಕರು ಪ್ರಸಾರದ ನಡುವೆ ಸೂಪರ್ ಚಾಟ್ ಎಂಬ ಹೆಸರಿನಲ್ಲಿ ಕೊಡುವ ಹಣದಲ್ಲಿ ನೂರಕ್ಕೆ ೭೦ ಪಾಲು ಆಟಗಾರನಿಗೆ ಸಲ್ಲುತ್ತದೆ. ಈ ಹೊಸ್ತಿಲನ್ನು ದಾಟಿದ ಮಾತ್ರಕ್ಕೆ ಮನೆ ನಡೆಯುವಷ್ಟು ಬಂದೀತೆಂದು ತಿಳಿಯಬಾರದು. ಬರುವುದೂ ಪರಾಧೀನ. ೨೦೨೦ರ ಸೆಪ್ಟೆಂಬರ್ ೨ರಂದು ಭಾರತ ಸರ್ಕಾರವು ಪಬ್‌ಜಿ ಮೊಬೈಲ್ ಸೇರಿದಂತೆ ೧೧೮ ಆ್ಯಪ್‌ಗಳನ್ನು ನಿಷೇಧಿಸಿದಾಗ, ಆ ಒಂದೇ ಆಟವನ್ನು ನಂಬಿದ್ದವರ ಕಸುಬಿಗೆ ಕುತ್ತು ಬಂದಿತು. ಅದರ ಸ್ಥಾನದಲ್ಲಿ ೨೦೨೧ರ ಜುಲೈಯಲ್ಲಿ ಬಂದ ಬಿ.ಜಿ.ಎಂ.ಐ. ಮರುವರ್ಷದ ಜುಲೈಯಲ್ಲಿ ಮರೆಯಾಗಿ ೨೦೨೩ರ ಮೇಯಲ್ಲಿ ಹಿಂದಿರುಗಿತು. ಆಟಕ್ಕೆ ಬಂದ ಗತಿ ತಾಣಕ್ಕೂ ಬರುತ್ತದೆ. ನಿಂಜಾ ಎಂದು ಪ್ರಸಿದ್ಧನಾದ ಅಮೆರಿಕದ ಆಟಗಾರನು ೨೦೧೯ರ ಆಗಸ್ಟಿನಲ್ಲಿ ಟ್ವಿಚ್ಚನ್ನು ಬಿಟ್ಟು ಮೈಕ್ರೋಸಾಫ್ಟಿನ ಮಿಕ್ಸರ್ ಎಂಬ ತಾಣವನ್ನು ಸೇರಿದನು. ಒಂದು ವರ್ಷ ತುಂಬುವುದರೊಳಗೆ, ೨೦೨೦ರ ಜುಲೈಯಲ್ಲಿ, ಆ ತಾಣವೇ ಮುಚ್ಚಿಹೋಯಿತು.

ಇದರಿಂದ ತಿಳಿಯಬೇಕಾದುದು ಒಕ್ಕಲಿಗನಿಗೆ ಹಿಂದಿನಿಂದಲೂ ಗೊತ್ತಿರುವ ಮಾತು: ಒಂದೇ ಬೆಳೆಯನ್ನು ನೆಚ್ಚಬಾರದು. ಒಂದೇ ಆಟ, ಒಂದೇ ತಾಣ, ಒಂದೇ ಬಗೆಯ ವರಮಾನ ಇವುಗಳ ಮೇಲೆ ಬಾಳನ್ನು ಕಟ್ಟಲಾಗದು. ಓದನ್ನೋ ಕೈಯಲ್ಲಿರುವ ಕೆಲಸವನ್ನೋ ಬಿಡದೆ, ಒಂದು ವರ್ಷದ ಸಂಸಾರದ ಖರ್ಚಿಗಾಗುವಷ್ಟು ಉಳಿಸಿಕೊಂಡು, ಆಮೇಲೆ ಇದನ್ನು ಪೂರ್ಣವೃತ್ತಿಯಾಗಿ ಹಿಡಿಯುವುದು ವಿವೇಕ. ಕಲಿತ ವಿದ್ಯೆ ವ್ಯರ್ಥವಾಗಬೇಕಾಗಿಲ್ಲ: ಅನಿಮೇಷನ್ ಮತ್ತು ಆಟಗಳ ಉದ್ಯಮಕ್ಕೆ ಕರ್ನಾಟಕ ಸರ್ಕಾರವು ೨೦೧೨ರಲ್ಲಿಯೇ ಒಂದು ನೀತಿಯನ್ನು ರಚಿಸಿತು, ಸಂಕಲನವನ್ನೂ ಧ್ವನಿಯನ್ನೂ ಬಲ್ಲವನಿಗೆ ಬೆಂಗಳೂರಿನಲ್ಲಿ ಬೇರೆ ಬಾಗಿಲುಗಳೂ ಇವೆ. ಕನ್ನಡದಲ್ಲಿ ಮಾತನಾಡುವವನ ಸಭೆ ಹಿಂದಿ ಇಂಗ್ಲಿಷುಗಳವರ ಸಭೆಗಿಂತ ಚಿಕ್ಕದು, ನಿಜ. ಆದರೆ ತಮ್ಮ ಮನೆಮಾತನ್ನು ಕೇಳಬೇಕೆಂದು ಬರುವವರು ಆಟ ಬದಲಾದರೂ ಮಾತಿಗಾಗಿ ಉಳಿಯುವ ಸಂಭವ ಹೆಚ್ಚು. ಆಟವನ್ನು ನೋಡಬಂದವರು ಆಟದೊಡನೆ ಹೊರಟುಹೋಗುತ್ತಾರೆ.

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿನವಾದುದು. ಕಾಯಕವೆಂಬ ಮಾತನ್ನು ನಾವು ಈಗ ಯಾವ ಉದ್ಯೋಗಕ್ಕಾದರೂ ಹಚ್ಚಿಬಿಡುತ್ತೇವೆ. ಶರಣರಲ್ಲಿ ಅದಕ್ಕೆ ಒಂದು ಅಳತೆಯಿತ್ತು. ಆಯ್ದಕ್ಕಿ ಮಾರಯ್ಯನು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಬಾಳುತ್ತಿದ್ದವನು. ಒಂದು ದಿನ ವಾಡಿಕೆಗಿಂತ ಹೆಚ್ಚಾಗಿ ತಂದುದನ್ನು ಕಂಡು ಅವನ ಹೆಂಡತಿ ಲಕ್ಕಮ್ಮನು ಮಿಕ್ಕುದನ್ನು ಅಲ್ಲಿಯೇ ಹಾಕಿ ಬರುವಂತೆ ಹೇಳಿದಳೆಂದು ಕಥೆಯುಂಟು. ಆ ಅಕ್ಕಿ ಕದ್ದುದಲ್ಲ; ಯಾರೂ ಕೇಳುತ್ತಲೂ ಇರಲಿಲ್ಲ. ಆದರೂ ಅಳತೆ ಮೀರಿದರೆ ಕಾಯಕ ಕೆಟ್ಟು ಆಸೆಯಾಗುತ್ತದೆಂಬುದನ್ನು ಆಕೆ ಕಂಡಿದ್ದಳು.

ಸ್ಟ್ರೀಮರನ ಅಂಗಳದಲ್ಲಿಯೂ ಇಂಥ ಅಕ್ಕಿ ಬೀಳುತ್ತಿರುತ್ತದೆ. ರಾತ್ರಿ ಎರಡು ಗಂಟೆಗೆ ಪ್ರಸಾರವನ್ನು ನೋಡುತ್ತಿರುವವರಲ್ಲಿ ಮರುದಿನ ಪರೀಕ್ಷೆಯಿರುವ ಹುಡುಗನುಂಟು. ಮಾತಾಡಲು ಬೇರೆ ಯಾರೂ ಇಲ್ಲದ ಒಂಟಿಯುಂಟು. ಹಣ ಕಳುಹಿಸಿದರೆ ತನ್ನ ಹೆಸರನ್ನು ಗಟ್ಟಿಯಾಗಿ ಓದುತ್ತಾರೆಂಬ ಒಂದು ಆಸೆಗಾಗಿ ತಂದೆಯ ಖಾತೆಯಿಂದ ಕೊಡುವ ಬಾಲಕನೂ ಇರಬಹುದು. ಹಣವನ್ನಿಟ್ಟು ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ೨೦೨೫ರ ಕೇಂದ್ರ ಶಾಸನವು ನಿಷೇಧಿಸಿತು. ಇ-ಸ್ಪೋರ್ಟ್ಸನ್ನು ಬೇರೆಯೆಂದು ಗುರುತಿಸಿ ಮನ್ನಿಸಿತು. ಹದಿನಾರು ವರ್ಷ ತುಂಬದವರು ತಾವೇ ನೇರಪ್ರಸಾರ ಮಾಡಬಾರದೆಂದು ಅದೇ ವರ್ಷ ಯೂಟ್ಯೂಬ್ ನಿಯಮ ಮಾಡಿತು. ಇವು ಒಳ್ಳೆಯವೇ. ಆದರೆ ಒಂಟಿತನದ ಮೇಲೆ ಬೆಲೆ ಕಟ್ಟಬಾರದೆಂದು ಯಾವ ಶಾಸನವೂ ಹೇಳಲಾರದು. "ಮಗು, ಈ ಹಣ ಬೇಡ, ಹೊತ್ತಾಯಿತು, ಮಲಗು" ಎಂದು ಹೇಳಬಲ್ಲ ಸ್ಟ್ರೀಮರನು ಆ ಕ್ಷಣದಲ್ಲಿ ಲಕ್ಕಮ್ಮನ ಮಾತನ್ನು ಪಾಲಿಸಿದಂತೆ.

ಇಂಥ ಮಾತು ಹೊರಡುವುದಕ್ಕೆ ಅವನಿಗೂ ಒಂದು ಹೊತ್ತು ಗೊತ್ತಿರಬೇಕು. ಅವಧಾನಕ್ಕೆ ಧಾರಣವೆಂಬ ಮುಗಿತಾಯವುಂಟು. ಕಾರ್ಖಾನೆಗೆ ಸೈರನ್ ಉಂಟು. ಈ ಕಸುಬಿಗೆ ಎರಡೂ ಇಲ್ಲ. ಇನ್ನೊಂದು ಗಂಟೆ ಕುಳಿತರೆ ಇನ್ನಷ್ಟು ಮಂದಿ ಬಂದಾರೆಂಬ ಆಸೆ, ಒಂದು ದಿನ ತಪ್ಪಿದರೆ ಇರುವವರೂ ಹೋದಾರೆಂಬ ಭಯ, ಇವೆರಡೂ ಸೇರಿ ನಿದ್ರೆಯನ್ನೂ ಊಟವನ್ನೂ ಸ್ನೇಹವನ್ನೂ ನುಂಗುತ್ತವೆ. ಕೊನೆಗೆ ಯಾವ ಸಂತೋಷಕ್ಕಾಗಿ ಆಡತೊಡಗಿದನೋ ಆ ಸಂತೋಷವೇ ಇಲ್ಲವಾಗುತ್ತದೆ. ನಗು ಮಾತ್ರ ಮುಖದ ಮೇಲೆ ಉಳಿಯುತ್ತದೆ. ತನ್ನ ಆಟವನ್ನು ಲೋಕಕ್ಕೆ ತೋರಿಸಿ ಕೂಲಿ ಪಡೆಯುವುದು ತಪ್ಪಲ್ಲ. ಯಾರೂ ನೋಡದ ಒಂದು ಹೊತ್ತು ತನಗಿಲ್ಲದಂತೆ ಬಾಳನ್ನೆಲ್ಲ ತೋರಿಕೆಗಿಡುವುದು ತಪ್ಪು. ಅಂಥವನ ಕಸುಬು ಹಣವಿದ್ದರೂ ನಿಲ್ಲದು, ಏಕೆಂದರೆ ಅದನ್ನು ನಡೆಸುವವನೇ ಮೊದಲು ಸವೆದುಹೋಗುತ್ತಾನೆ.

ಆದುದರಿಂದ ಮನೆಯ ಮಗನೋ ಮಗಳೋ ಈ ದಾರಿಯನ್ನು ಹಿಡಿಯಬಯಸಿದಾಗ, ಬೇಡವೆಂದು ಬಾಗಿಲು ಹಾಕುವುದೂ ಸರಿಯಲ್ಲ, ಎಷ್ಟು ಬರುತ್ತದೆಂಬುದೊಂದನ್ನೇ ಕೇಳುವುದೂ ಸರಿಯಲ್ಲ. ಈ ಆಟ ನಾಳೆ ನಿಂತರೆ ನಿನ್ನಲ್ಲಿ ಉಳಿಯುವ ವಿದ್ಯೆ ಯಾವುದು, ಯಾರ ಹಣವನ್ನು ಒಲ್ಲೆನೆನ್ನುವೆ, ದಿನವೂ ಎಷ್ಟು ಹೊತ್ತಿಗೆ ಮುಗಿಸುವೆ ಎಂದು ಕೇಳಬೇಕು. ಇವಕ್ಕೆ ಉತ್ತರವುಳ್ಳವನ ಕಸುಬನ್ನು ಕಾಯಕವೆಂದು ಒಪ್ಪಲು ಅಡ್ಡಿಯಿಲ್ಲ. ಸೈರನ್ನಿನ ಕೂಗಿಗೆ ಕೆಲಸ ಮುಗಿಸಿ ಮನೆಗೆ ಬಂದವರು ಜಾಲಹಳ್ಳಿಯ ಹಿರಿಯರು. ಆ ಸೈರನ್ನನ್ನು ಮೊಮ್ಮಕ್ಕಳು ತಾವೇ ಕೂಗಿಸಿಕೊಳ್ಳಬೇಕಾಗಿದೆ; ಅದನ್ನು ಕಲಿಸುವುದು ಮನೆಯವರ ಹೊಣೆ.